ಲೆಷಾನ್ ಬೀಗತಿ

ನೀಲಾಳಿಗೆ ಉಣಿಸುವ ಹೊತ್ತಿಗೆ ಸರಿಯಾಗಿ ಚೀನಾದಿಂದ ಕರೆ ಬರುತ್ತಿತ್ತು. ಸ್ಯಾನ್ ಮಟಿಯೋದಲ್ಲಿ ಸಂಜೆಯಾದರೆ ಅಲ್ಲಿ ಮರುದಿನದ ಬೆಳಗು. ಅಡುಗೆಮನೆಯ ಕಟ್ಟೆಗೆ ಒರಗಿಸಿಟ್ಟ ಐಪ್ಯಾಡು ಸದ್ದು ಮಾಡಿದ್ದೇ ತಡ, ಏಳು ವರ್ಷದ ಹುಡುಗಿ ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ, ಕುರ್ಚಿಯಿಂದ ಜಾರಿ ಓಡುತ್ತಿದ್ದಳು. ಪರದೆಯ ಮೇಲೆ ಗಿಡ್ಡ ಕೂದಲಿನ, ಕನ್ನಡಕ ಹಾಕಿದ ಹೆಂಗಸಿನ ಮುಖ ಮೂಡುತ್ತಿತ್ತು. "ವೈಪೋ!" ಎಂದು ನೀಲಾ ಕೂಗುತ್ತಿದ್ದಳು. ವೈಪೋ ಎಂದರೆ ಚೀನೀ ಭಾಷೆಯಲ್ಲಿ ತಾಯಿಯ ತಾಯಿ. ಆಮೇಲೆ ಬಹಳ ಹೊತ್ತು ಆ ಮನೆಯಲ್ಲಿ ಅಂಬವ್ವನಿಗೆ ಒಂದಕ್ಷರ ತಿಳಿಯದ ಮಾತೇ ಮಾತು.

ಅಂಬವ್ವ ನೀಲಾಳ ತಂದೆಯ ತಾಯಿ. ಊರು ಗದಗ. ಗಂಡ ಸಂಗನಬಸಪ್ಪ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದ ಮೇಲೆ, ಮೊಮ್ಮಗಳು ಹುಟ್ಟಿದ ವರ್ಷ ಇಬ್ಬರೂ ಮಗನ ಮನೆಗೆ ಬಂದು ಇಲ್ಲಿಯೇ ಉಳಿದಿದ್ದರು. ಮಗ ಶಶಿಧರ, ಸೊಸೆ ಯೀಲಿನ್ ಇಬ್ಬರಿಗೂ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಅಲ್ಲಿಯೇ ಪರಿಚಯ, ಅಲ್ಲಿಯೇ ಪ್ರೀತಿ. ಬೆಳಿಗ್ಗೆ ಫ್ರೀವೇ ಹಿಡಿದು ಹೋದವರು ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ನೀಲಾ ಅಂಬವ್ವನ ಕೂಸು. ಎಣ್ಣೆ ಹಚ್ಚಿ ಎರೆದವಳು ಅಂಬವ್ವ. ಮೊದಲ ಹಲ್ಲು ಕಂಡವಳು ಅಂಬವ್ವ. ಹೀಗಿದ್ದೂ ಅಂಬವ್ವ ಕನ್ನಡದಲ್ಲಿ ಏನು ಕೇಳಿದರೂ ನೀಲಾ ಎಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ವರ್ಷಕ್ಕೊಮ್ಮೆಯೂ ಕಣ್ಣಿಗೆ ಬೀಳದ ಆ ಪರದೆಯ ಹೆಂಗಸಿನ ಜೊತೆ ಮಾತ್ರ ಚೀನೀ ಭಾಷೆ ನೀರಿನಂತೆ ಹರಿಯುತ್ತಿತ್ತು.

"ಅಕಿ ತಾಯಿ ಹುಟ್ಟಿದಾಗಿಂದ ಅದ ಭಾಷಾದಾಗ ಮಾತಾಡ್ಯಾಳ, ಶನಿವಾರ ಸಾಲಿಗೂ ಕಳಸ್ತಾಳ. ಬರದ ಏನ್ ಮಾಡೀತು?" ಎಂದು ಸಂಗನಬಸಪ್ಪ ಸಮಾಧಾನ ಹೇಳುತ್ತಿದ್ದ.

"ನಾ ಏನ್ ಮೂಕಿ ಇದ್ದೆನ ಇಷ್ಟ ವರ್ಷ?" ಎಂದು ಅಂಬವ್ವ ಆರಿಹೋದ ಅನ್ನದ ತಟ್ಟೆಯನ್ನು ಕುಕ್ಕುತ್ತಿದ್ದಳು.

ಸೊಸೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ಅತ್ತಿ, ಅತ್ತಿ" ಎಂದು ಹಿಂದೆ ಮುಂದೆ ಸುಳಿಯುವ, ಕಡಕ್ ರೊಟ್ಟಿಯನ್ನು ಕಟಕಟ ಕಡಿದು ತಿನ್ನುವ ಯೀಲಿನ್‌ಳನ್ನು ಯಾರೂ ದೂರುವಂತಿರಲಿಲ್ಲ. ಸಿಟ್ಟೆಲ್ಲ ಬೀಗತಿಯ ಮೇಲೆ. ಮದುವೆಯಲ್ಲಿ ಒಮ್ಮೆ ಭೇಟಿಯಾದದ್ದು ಬಿಟ್ಟರೆ ಆಕೆ ಬರೀ ಒಂದು ಮುಖ. ಆದರೂ ಆ ಮುಖ ನಕ್ಕಾಗ ನೀಲಾ ನಗುವ ಬಗೆ ಕಂಡು ಅಂಬವ್ವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು.

ಆ ವರ್ಷ ಯೀಲಿನ್‌ಳ ತಂದೆಗೆ ಎಪ್ಪತ್ತು ತುಂಬುವುದಿತ್ತು. ಬೇಸಿಗೆ ರಜೆಯಲ್ಲಿ ಎಲ್ಲರೂ ಹೋಗಿ ನೆಂಟರಿಷ್ಟರನ್ನು ನೋಡಿಕೊಂಡು ಬರೋಣ, ಅತ್ತೆ ಮಾವನೂ ಬರಲೇಬೇಕು ಎಂದು ಯೀಲಿನ್ ಹಟ ಹಿಡಿದಳು.

"ನಾ ಒಲ್ಲೆ. ಅಲ್ಲಿ ನನಗೇನ ಉಣ್ಣಾಕ ಸಿಗತೈತಿ?" ಎಂದಳು ಅಂಬವ್ವ.

"ಹಂಗಾರ ನೀ ಇಲ್ಲೇ ಇರು. ನೀಲಾ ನಮ್ಮ ಕೂಡ ಬರ್ತಾಳ," ಎಂದ ಶಶಿಧರ.

ಅಷ್ಟು ದಿನ ಆ ಕೂಸು ಆ ಹೆಂಗಸಿನ ಮನೆಯಲ್ಲಿ ಇರುವುದನ್ನು ನೆನೆದು ಅಂಬವ್ವ ಅಂದೇ ಸಂಜೆ ಇಳಕಲ್ ಸೀರೆಗಳನ್ನು ಮಡಚಿ ಸೂಟ್‌ಕೇಸಿಗೆ ಹಾಕಿದಳು. ಅವುಗಳ ನಡುವೆ ಶೇಂಗಾ ಚಟ್ನಿಪುಡಿಯನ್ನೂ ತುರುಕಿದಳು.

ಯೀಲಿನ್‌ಳ ತವರು ಸಿಚುವಾನ್ ಪ್ರಾಂತದ ಲೆಷಾನ್ ಎಂಬ ಊರು. ಚೆಂಗ್ಡುವಿನಲ್ಲಿ ವಿಮಾನ ಇಳಿದು ರೈಲು ಹತ್ತಬೇಕು. ಲೆಷಾನ್ ನಿಲ್ದಾಣದ ಬಾಗಿಲಲ್ಲಿ ಬೀಗತಿ ಕಾದಿದ್ದಳು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಿ, ಚುರುಕು. ಸಿಟಿ ಬಸ್ಸಿನ ಡ್ರೈವರ್ ಆಗಿ ದುಡಿದು ನಿವೃತ್ತಳಾದವಳು. ನೀಲಾ ಅಂಬವ್ವನ ಕೈ ಕೊಸರಿಕೊಂಡು ಓಡಿಹೋಗಿ ಅವಳ ಸೊಂಟಕ್ಕೆ ಜೋತುಬಿದ್ದಳು. ಬೀಗತಿ ಹುಡುಗಿಯನ್ನು ಎತ್ತಿ ಗರಗರ ತಿರುಗಿಸಿದಳು. ಮಂಡಿನೋವಿನ ಅಂಬವ್ವ ನೀಲಾಳನ್ನು ಎತ್ತಿಕೊಂಡು ಎರಡು ವರ್ಷದ ಮೇಲಾಗಿತ್ತು. ಅವಳು ಮುಖ ತಿರುಗಿಸಿ ಲಗೇಜು ಎಣಿಸುವಂತೆ ನಟಿಸಿದಳು.

ಮನೆ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಬೀಗತಿ ಅಡುಗೆಮನೆಗೆ ಕರೆದೊಯ್ದು ಹೊಸ ಬಾಣಲೆ, ಹೊಸ ಸೌಟು, ಹೊಸ ಚಾಕು ತೋರಿಸಿದಳು. ಮಾಂಸ ಮುಟ್ಟಿಸದ ಪಾತ್ರೆಗಳು, ಬರೀ ನಿಮಗಾಗಿ ತಂದದ್ದು ಎಂದು ಯೀಲಿನ್ ಬಿಡಿಸಿ ಹೇಳಿದಳು. ಸಂಗನಬಸಪ್ಪ ಕೈ ಮುಗಿದ. ಅಂಬವ್ವನಿಗೆ ಮಾತ್ರ, ಎಲ್ಲರ ಎದುರು ಒಳ್ಳೆಯವಳು ಅನ್ನಿಸಿಕೊಳ್ಳಲು ಇದೊಂದು ಆಟ ಎನ್ನಿಸಿತು.

ಮುಂದಿನ ದಿನಗಳಲ್ಲಿ ಸಂಗನಬಸಪ್ಪ ಬೀಗರ ಜೊತೆ ಕೆಳಗಿನ ಚಹಾದಂಗಡಿ ಸೇರಿಬಿಟ್ಟ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಮಧ್ಯೆ ಚದುರಂಗದಂಥ ಒಂದು ಆಟದ ಹಲಗೆ ಇಟ್ಟುಕೊಂಡು ಸಂಜೆಯವರೆಗೆ ಕೂತಿರುತ್ತಿದ್ದರು. ನೆಂಟರು ಬಂದರು, ಇವರೂ ನೆಂಟರ ಮನೆಗಳಿಗೆ ಹೋದರು. ಹೋದಲ್ಲೆಲ್ಲ ಬೀಗತಿ ನೀಲಾಳ ಕೈ ಹಿಡಿದು ಮುಂದೆ ನಡೆದರೆ ಅಂಬವ್ವ ಹಿಂದೆ. ಬೀಗತಿಯ ಎಲೆಕ್ಟ್ರಿಕ್ ಸ್ಕೂಟರಿನ ಹಿಂದೆ ಕೂತು ನೀಲಾ ಟಾಟಾ ಮಾಡುತ್ತಿದ್ದಳು. ಸಂಜೆ ನದಿಯ ದಂಡೆಯ ಚೌಕದಲ್ಲಿ ಹೆಂಗಸರೆಲ್ಲ ಸಾಲಾಗಿ ಕುಣಿಯುವಾಗ ಬೀಗತಿಯ ಪಕ್ಕದಲ್ಲಿ ತಾನೂ ಕೈ ಬೀಸಿ ಹೆಜ್ಜೆ ಹಾಕುತ್ತಿದ್ದಳು. ಎಲ್ಲಕ್ಕಿಂತ ಅಂಬವ್ವನನ್ನು ಸುಟ್ಟದ್ದು ಊಟ. ಸ್ಯಾನ್ ಮಟಿಯೋದಲ್ಲಿ ನಾಲ್ಕು ತುತ್ತು ಉಣಿಸಲು ಮನೆತುಂಬ ಬೆನ್ನು ಹತ್ತಬೇಕಿದ್ದ ಹುಡುಗಿ ಇಲ್ಲಿ ತಾನೇ ಬಟ್ಟಲು ಎತ್ತಿ, ಕಡ್ಡಿಗಳಿಂದ ಅನ್ನ ತಳ್ಳಿಕೊಂಡು, ಇನ್ನೂ ಬೇಕು ಎನ್ನುತ್ತಿದ್ದಳು.

"ಅಲ್ಲಿ ನಾ ಹಾಕಿದ್ದು ವಿಷ ಆಗಿತ್ತೇನ?" ಎಂದು ಅಂಬವ್ವ ಗಂಡನ ಎದುರು ಹಲ್ಲು ಕಡಿದಳು.

"ಹುಡುಗಿ ಉಂಡ್ರ ಖುಷಿ ಪಡಬೇಕೋ ಬ್ಯಾಡೋ?" ಎಂದ ಸಂಗನಬಸಪ್ಪ.

ಖುಷಿ ಪಡಬೇಕೆಂದು ಅವಳಿಗೂ ಗೊತ್ತಿತ್ತು. ಆಗುತ್ತಿರಲಿಲ್ಲ.

ಎಪ್ಪತ್ತರ ಊಟ ದೊಡ್ಡದೊಂದು ಹೋಟೆಲಿನಲ್ಲಿ. ದುಂಡು ಮೇಜುಗಳು, ಮೇಜಿನ ನಡುವೆ ತಿರುಗುವ ಗಾಜು, ಜನ ಕಿಕ್ಕಿರಿದು ಸದ್ದೋ ಸದ್ದು. ಅಂಬವ್ವ ತನ್ನ ಮದುವಣಗಿತ್ತಿ ಕಾಲದ ಕೆಂಪು ಸೆರಗಿನ ಸೀರೆ ಉಟ್ಟಿದ್ದಳು. ನೀಲಾಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಮರಳುವಾಗ ಹುಡುಗಿ ಮುಂದೆ ಓಡಿ, ಬಾಗಿಲಿನಿಂದ ತಿರುಗಿ, "ಆಯಿ, ಕಮ್ ಆನ್! ಆಯಿ!" ಎಂದು ಕೂಗಿದಳು. ಗದಗಿನ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುವುದು ರೂಢಿ. ನೀಲಾಳ ಬಾಯಲ್ಲಿ ಉಳಿದಿದ್ದ ಕೆಲವೇ ಕನ್ನಡ ಪದಗಳಲ್ಲಿ ಅದೂ ಒಂದು.

ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ, ಅಂದೇ ಬೇರೆ ಊರಿನಿಂದ ಬಂದಿದ್ದ ಯೀಲಿನ್‌ಳ ಸೋದರಸಂಬಂಧಿ ಹೆಣ್ಣುಮಗಳೊಬ್ಬಳು ಅದನ್ನು ಕೇಳಿ ತಲೆಯಾಡಿಸಿದಳು. ನಗುನಗುತ್ತ ಅಂಬವ್ವನ ಮೊಣಕೈ ಹಿಡಿದು ಮೂಲೆಯ ಚಿಕ್ಕ ಮೇಜಿಗೆ ಕರೆದೊಯ್ದು ಕೂರಿಸಿದಳು. ಅಲ್ಲಿ ಇನ್ನಿಬ್ಬರು ಹೆಂಗಸರು ಎಳೆಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಉಣ್ಣುತ್ತಿದ್ದರು. ಬಹುಶಃ ಇದು ಸಸ್ಯಾಹಾರಿಗಳ ಮೇಜು ಎಂದುಕೊಂಡು ಅಂಬವ್ವ ಕೂತಳು. ಸ್ವಲ್ಪ ಹೊತ್ತಿಗೆ ಉದ್ದ ಉಗುರಿನ ಯುವತಿಯೊಬ್ಬಳು ಬಂದು, ಏನೋ ಹೇಳಿ, ಅಳುವ ಕೂಸೊಂದನ್ನು ಅಂಬವ್ವನ ಮಡಿಲಿಗೆ ಹಾಕಿ ತನ್ನ ಮೇಜಿಗೆ ಹೋಗಿಬಿಟ್ಟಳು. ಕೂಸು ಅತ್ತರೆ ಅಂಬವ್ವನ ಕೈ ಸುಮ್ಮನಿರುವುದಿಲ್ಲ. ಬೆನ್ನು ತಟ್ಟುತ್ತ ಸಮಾಧಾನ ಮಾಡತೊಡಗಿದಳು.

ಆಗ ದೊಡ್ಡ ಮೇಜಿನ ಬಳಿ ಫೋಟೋ ಶುರುವಾಯಿತು. ಹುಟ್ಟುಹಬ್ಬದ ಬೀಗರು, ಅವರ ಪಕ್ಕ ಸಂಗನಬಸಪ್ಪ, ಇನ್ನೊಂದು ಪಕ್ಕ ಬೀಗತಿ. ಬೀಗತಿಯ ತೊಡೆಯ ಮೇಲೆ ನೀಲಾ. ಯಾರದೋ ಕೂಸನ್ನು ತೂಗುತ್ತ ಅಂಬವ್ವ ಅದನ್ನು ದೂರದಿಂದ ನೋಡಿದಳು.

"ಅವ್ವ ಎಲ್ಲಿ?" ಎಂದು ಶಶಿಧರ ಸುತ್ತ ನೋಡಿದ. ಯೀಲಿನ್ ಮೂಲೆಯ ಮೇಜು ಕಂಡು ಧಾವಿಸಿ ಬಂದಳು. ಮುಖ ಕೆಂಪಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳನ್ನು ಕರೆದು ಜೋರಾಗಿ ಏನೋ ಅಂದಳು. ಆಕೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಏನಾತು?" ಎಂದು ಅಂಬವ್ವ ಕೇಳಿದಳು.

ಯೀಲಿನ್ ಅವಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. ಓಡಿಬಂದ ನೀಲಾ ಹೇಳಿದಳು. ಚೀನೀ ಭಾಷೆಯಲ್ಲಿ ಆಯಿ ಎಂದರೆ ಆಂಟಿ, ಮನೆಕೆಲಸದವಳಿಗೂ, ಮಕ್ಕಳನ್ನು ನೋಡಿಕೊಳ್ಳುವ ಆಳಿಗೂ ಹಾಗೆಯೇ ಕರೆಯುತ್ತಾರಂತೆ. "ದೇ ಥಾಟ್ ಯು ಆರ್ ಮೈ ನ್ಯಾನಿ, ಆಯಿ!"

ಸುತ್ತಲಿನ ಮೇಜುಗಳಲ್ಲಿ ನಗು ಹರಡಿತು. ತಪ್ಪು ಮಾಡಿದ ಹೆಣ್ಣುಮಗಳು ಬಗ್ಗಿ ಬಗ್ಗಿ ಕ್ಷಮೆ ಕೇಳಿ, ಎರಡೂ ಕೈಯಲ್ಲಿ ಚಹಾ ತಂದುಕೊಟ್ಟಳು. ಅಂಬವ್ವನನ್ನು ದೊಡ್ಡ ಮೇಜಿಗೆ ಕರೆತಂದರು. ಫೋಟೋ ಮತ್ತೊಮ್ಮೆ ತೆಗೆದರು. ಆದರೆ ನಕ್ಕವರಲ್ಲಿ ಬೀಗತಿಯೂ ಇದ್ದದ್ದನ್ನು ಅಂಬವ್ವ ಕಂಡಿದ್ದಳು. ಕೈ ಅಡ್ಡ ಹಿಡಿದಿದ್ದರೂ ಅವಳ ಹೆಗಲು ಕುಲುಕುತ್ತಿತ್ತು.

ಮರುದಿನ ಶಶಿಧರ ಮತ್ತು ಯೀಲಿನ್ ಅವಳ ಕಾಲೇಜಿನ ಗೆಳತಿಯರನ್ನು ನೋಡಲು ಎರಡು ದಿನಕ್ಕೆಂದು ಚೆಂಗ್ಡುವಿಗೆ ಹೋದರು. ಅದರ ಮಾರನೆಯ ಬೆಳಿಗ್ಗೆ ಬೀಗತಿ ನೀಲಾಳನ್ನು ತನ್ನ ತವರು ಹಳ್ಳಿಗೆ ಕರೆದೊಯ್ಯುವುದೆಂದು ಮೊದಲೇ ಮಾತಾಗಿತ್ತು. ಅಲ್ಲಿ ಬೀಗತಿಯ ತಾಯಿ ಇದ್ದಳು. ತೊಂಬತ್ತು ದಾಟಿದ ಮುದುಕಿ. ಮರಿಮಗಳನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ನೀವೂ ಬನ್ನಿ ಎಂದು ಬೀಗತಿ ಅಂಬವ್ವನಿಗೆ ಕೈಸನ್ನೆ ಮಾಡಿ ಕರೆದಿದ್ದಳು. ಅಂಬವ್ವ ಮಂಡಿ ತೋರಿಸಿ ಆಗುವುದಿಲ್ಲ ಎಂದಿದ್ದಳು.

ಬೆಳಿಗ್ಗೆ ಬೀಗತಿ ಸಿದ್ಧಳಾಗಿ ನೀಲಾಳನ್ನು ಎಬ್ಬಿಸಲು ಬಂದಳು. ಅಂಬವ್ವ ನಿದ್ದೆಯಲ್ಲಿದ್ದ ಹುಡುಗಿಯ ತಲೆಯ ಬಳಿ ಕೂತಿದ್ದಳು. ಇನ್ನೊಂದು ಇಡೀ ದಿನ ಆ ಕೂಸು ಇವಳ ಕೈ ಹಿಡಿದು, ಇವಳ ಬಳಗದ ಮುಂದೆ ಮೆರೆಯುತ್ತದೆ. ತಾನು ಇಲ್ಲಿ ಕೆಲಸದವಳಂತೆ ಕಾಯುತ್ತ ಕೂರಬೇಕು. ಅದನ್ನು ನೆನೆದದ್ದೇ ಅವಳ ಕೈ ತಾನಾಗಿಯೇ ನೀಲಾಳ ಹಣೆಯ ಮೇಲೆ ಹೋಯಿತು. ತಲೆ ಅಲ್ಲಾಡಿಸಿದಳು. "ಜ್ವರ," ಎಂದಳು. ಗೊತ್ತಾಗಲೆಂದು, "ಫೀವರ್," ಎಂದೂ ಸೇರಿಸಿದಳು.

ಬೀಗತಿ ಬಗ್ಗಿ ತಾನೂ ಹಣೆ ಮುಟ್ಟಿದಳು. ಕೈ ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅಂಬವ್ವನ ಮುಖ ನೋಡಿದಳು. ಹೊರಗೆ ಹೋಗಿ, ಹಾಕಿಕೊಂಡಿದ್ದ ಬೂಟು ಬಿಚ್ಚಿಟ್ಟಳು.

ಗೆದ್ದೆ ಎಂದುಕೊಂಡಳು ಅಂಬವ್ವ. ನೀಲಾ ಎದ್ದ ಮೇಲೆ ಅವಳಿಗೂ ಅದನ್ನೇ ಹೇಳಿದಳು: "ನಿನಗ ಜ್ವರ ಬಂದಾವ ಅವ್ವಾ. ಇವತ್ತ ನನ್ನ ಕೂಡ ಮಲಕೋ. ಕತಿ ಹೇಳ್ತೀನಿ."

ನೀಲಾ ತನ್ನ ಹಣೆ ಮುಟ್ಟಿ ನೋಡಿಕೊಂಡು ಮಲಗಿದಳು. ಅಂಬವ್ವ ಕತೆ ಶುರು ಮಾಡಿದಳು. ಎಷ್ಟೋ ದಿನದ ಮೇಲೆ ಹುಡುಗಿ ಪೂರ್ತಿ ಅವಳ ಬಗಲಲ್ಲಿದ್ದಳು. ಆದರೆ ನೀಲಾಳ ಕಿವಿ ಮಾತ್ರ ಬಾಗಿಲಿನ ಕಡೆಗೆ. ಹೊರಗಡೆ ಬೀಗತಿ ಫೋನಿನಲ್ಲಿ ಮಾತಾಡುತ್ತಿದ್ದಳು, ಮೆಲ್ಲಗೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ದನಿಯಲ್ಲಿ.

"ಯಾರ ಕೂಡ ಮಾತಾಡಾಕತ್ತಾಳ?" ಎಂದು ಅಂಬವ್ವ ತಡೆಯಲಾರದೆ ಕೇಳಿದಳು.

ನೀಲಾ ಹೇಳಿದಳು: ಹಳ್ಳಿಯ ಮುದುಕಿಯ ಜೊತೆ. ಮುದುಕಿ ಬೆಳಿಗ್ಗೆಯಿಂದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳಂತೆ. ಒಳಗೆ ಹೋಗು ಅಂದರೆ ಹೋಗುತ್ತಿಲ್ಲವಂತೆ.

ಅಂಬವ್ವ ಕತೆ ಮುಂದುವರಿಸಲು ನೋಡಿದಳು. ಎಲ್ಲಿ ಬಿಟ್ಟಿದ್ದೆನೋ ಮರೆತುಹೋಗಿತ್ತು. ನೀಲಾ ಎದ್ದು ಕೂತಳು. ಅಂಬವ್ವನ ಕೈ ಎಳೆದು ತನ್ನ ಹಣೆಗೆ ಒತ್ತಿಕೊಂಡಳು. ಹಣೆ ತಣ್ಣಗಿತ್ತು.

"ಆಯಿ," ಎಂದಳು ಹುಡುಗಿ. ಒಂದೊಂದೇ ಪದ ಹುಡುಕಿ ಹುಡುಕಿ ಹೇಳಿದಳು: "ನನಗ ಜ್ವರ ಇಲ್ಲ. ನೀ... ನೀ ಸುಳ್ಳ ಹೇಳಿದಿ."

ಗದಗಿನ ಅಂಗಳದಲ್ಲಿ ಬೆಳೆದ ಹುಡುಗಿಯೇ ಆಡಿದಂತೆ ಇತ್ತು ಆ ಮಾತು. ಈ ಬಾಯಿಂದ ಇಂಥದೊಂದು ಮಾತು ಕೇಳಲು ಅಂಬವ್ವ ಎಷ್ಟು ಸಲ ಹಂಬಲಿಸಿದ್ದಳೋ. ಸಂತೋಷಪಡಬೇಕೋ ನೆಲಕ್ಕೆ ಇಳಿದುಹೋಗಬೇಕೋ ತಿಳಿಯದೆ ಅವಳು ಮೊಮ್ಮಗಳ ಮುಖವನ್ನೇ ನೋಡುತ್ತ ಕೂತಳು. ನೀಲಾಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇವಳು ಯಾಕೆ ಹೀಗೆ ಮಾಡಿದಳು ಎಂಬ ಬೆರಗು ಇತ್ತು, ಅಷ್ಟೇ. ಸಿಟ್ಟಾದರೂ ಇದ್ದರೆ ಒಳ್ಳೆಯದಿತ್ತು.

"ಹೌದವ್ವಾ," ಎಂದಳು ಅಂಬವ್ವ ಕೊನೆಗೆ. "ಹೇಳೀನಿ. ಏಳು, ಬಾ."

ಬೀಗತಿ ಅಡುಗೆಮನೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಅಂಬವ್ವ ಮಂಡಿ ಹಿಡಿದುಕೊಂಡು ಅವಳ ಎದುರಿಗೆ ನೆಲದ ಮೇಲೆ ಕೂತಳು.

"ನಿಮ್ಮ ವೈಪೋಗ ಹೇಳು. ಕೂಸಿಗೆ ಜ್ವರ ಇಲ್ಲ. ನಾ ಹೊಟ್ಟಿಕಿಚ್ಚಿಗೆ ಹಂಗ ಅಂದೆ ಅಂತ ಹೇಳು."

"ಹೊಟ್ಟಿಕಿಚ್ಚು? ಸ್ಟಮಕ್ ಫೈರ್?" ಎಂದಳು ನೀಲಾ.

"ನಿನ್ನ ಪುಟ್ಟ ಗೆಳತಿ ಹೊಸಾ ಗೊಂಬಿ ತಂದಾಗ ನಿನಗ ಆಗತೈತಲ್ಲ, ಅದು."

ನೀಲಾ ಬೀಗತಿಗೆ ಬಹಳ ಹೊತ್ತು ಹೇಳಿದಳು, ಗೊಂಬೆಯ ಮಾತನ್ನೂ ಸೇರಿಸಿ ಇರಬೇಕು. ಬೀಗತಿ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ತಲೆಯೆತ್ತದೆ ಏನೋ ಅಂದಳು.

ತನಗೆ ಗೊತ್ತಿತ್ತು ಅಂದಳಂತೆ. ಹಣೆ ಮುಟ್ಟಿದಾಗಲೇ ಗೊತ್ತಾಯಿತಂತೆ.

"ಮತ್ತ ಯಾಕ ಸುಮ್ಮನಿದ್ದಳು?"

ಈ ಸಲ ಬೀಗತಿ ತಲೆಯೆತ್ತಿ, ಅಂಬವ್ವನನ್ನೇ ನೋಡುತ್ತ ಮಾತಾಡಿದಳು. ಮಾತಿನ ನಡುವೆ ಅವಳ ಕೈ ಜಡೆ ಹೆಣೆಯುವ, ತುತ್ತಿಡುವ ಸನ್ನೆ ಮಾಡಿತು. ನೀಲಾ ಅದನ್ನು ತುಂಡು ತುಂಡಾಗಿ ಇಂಗ್ಲಿಷಿಗೆ ತಂದಳು. ಆ ಕಿಚ್ಚು ನನಗೂ ಗೊತ್ತು, ಅದಕ್ಕೇ ಸುಮ್ಮನಿದ್ದೆ. ಪರದೆಯಲ್ಲಿ ಪ್ರತಿದಿನ ನಿನ್ನ ಕೈ ಕಾಣುತ್ತದೆ. ಅವಳ ಜಡೆ ಹಾಕುವ ಕೈ, ಬಾಯಿ ಒರೆಸುವ ಕೈ. ನನ್ನ ಮಗಳ ಮಗಳು, ಕೈ ಮಾತ್ರ ಇನ್ನೊಬ್ಬಳದು. ಅದನ್ನು ನೋಡಲಾಗದೆ, ನೀನು ಉಣಿಸುವ ಹೊತ್ತು ನೋಡಿಕೊಂಡೇ ನಾನು ಕರೆ ಮಾಡುತ್ತೇನೆ. ಅವಳು ನಿನ್ನ ತುತ್ತು ಬಿಟ್ಟು ಎದ್ದು ಬಂದರೆ ನನಗೆ ಆ ದಿನವೆಲ್ಲ ಚೆನ್ನಾಗಿರುತ್ತದೆ. ಮೊನ್ನೆ ಹೋಟೆಲಿನಲ್ಲಿಯೂ ನಾನು ನಗಬಾರದಿತ್ತು.

ಅಂಬವ್ವನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಆರಿಹೋದ ಅನ್ನವೆಲ್ಲ ಇವಳ ಕರಾಮತ್ತು! ಸಿಟ್ಟಿನ ಹಿಂದೆಯೇ, ತಡೆದರೂ ನಿಲ್ಲದಂತೆ, ಒಂದು ಖುಷಿ ಹೊಟ್ಟೆಯಿಂದ ಮೇಲಕ್ಕೆ ಬಂತು. ಮೊಮ್ಮಗಳನ್ನು ಎತ್ತಿ ತಿರುಗಿಸುವ, ಸ್ಕೂಟರ್ ಓಡಿಸುವ, ಕುಣಿಯುವ ಈ ಹೆಂಗಸು ತನ್ನನ್ನು ಕಂಡು ಉರಿದುಕೊಂಡಿದ್ದಳು. ತನ್ನ ಎರಡು ಒರಟು ಕೈಗಳನ್ನು ಕಂಡು.

"ಕಳ್ಳಿ ಅದಿ ನೀನು," ಎಂದಳು ಅಂಬವ್ವ.

ನೀಲಾ ಅನುವಾದಿಸಲೋ ಬೇಡವೋ ಎಂದು ನೋಡಿದಳು. ಬೇಕಾಗಲಿಲ್ಲ. ಬೀಗತಿ ನಗುತ್ತ ಹುರುಳಿಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಮೇಲೆದ್ದು, ಅಂಬವ್ವನನ್ನು ಎಬ್ಬಿಸಲು ಕೈ ನೀಡಿದಳು. ಬೂಟು ಹಾಕಿಕೊಂಡಳು. ಬೆಳಿಗ್ಗೆ ಬೇಡವೆಂದಿದ್ದ ನೆಂಟರ ಕಾರನ್ನು ಮತ್ತೆ ಕರೆಸಿದಳು. ಈ ಸಲ ಅಂಬವ್ವ ಮಂಡಿಯ ಮಾತೆತ್ತಲಿಲ್ಲ.

ಹಳ್ಳಿ ತಲುಪಿದಾಗ ಮುದುಕಿ ನಿಜಕ್ಕೂ ಬಾಗಿಲಲ್ಲೇ ಕೂತಿದ್ದಳು, ಒಣಗಿದ ಹಣ್ಣಿನಂಥ ಪುಟ್ಟ ದೇಹ. ನೀಲಾಳನ್ನು ಕಂಡದ್ದೇ ಎರಡೂ ತೋಳು ಚಾಚಿ ಹಿಡಿದುಕೊಂಡವಳು ಮತ್ತೆ ಬಿಡಲಿಲ್ಲ. ಅಕ್ಕಿಯ ಸಿಹಿ ಕಡುಬನ್ನು ತಾನೇ ತಿನ್ನಿಸಿದಳು. ಬೀಗತಿ ಬಾಯಿ ಒರೆಸಲು ಹೋದರೆ ಅವಳ ಕೈಯನ್ನು ಚಟ್ಟನೆ ಹೊಡೆದು ತಳ್ಳಿದಳು. ಅಂಬವ್ವ ನೀರು ಕೊಡಲು ಹೋದಾಗಲೂ ಅದೇ. ಇಬ್ಬರು ಅಜ್ಜಿಯರೂ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತು, ತಮಗೆ ಸಿಗದ ಹುಡುಗಿಯನ್ನು ನೋಡುತ್ತ ಸೂರ್ಯಕಾಂತಿ ಬೀಜ ಬಿಡಿಸಿ ತಿಂದರು. ಅಂಬವ್ವನಿಗೆ ಮುದುಕಿಯ ಮೇಲೂ ತುಸು ಹೊಟ್ಟೆಕಿಚ್ಚಾಯಿತು. ಪಕ್ಕದವಳ ಮುಖ ನೋಡಿದರೆ ಅಲ್ಲಿಯೂ ಅದೇ ಇತ್ತು.

ಸ್ಯಾನ್ ಮಟಿಯೋಗೆ ಮರಳಿ ತಿಂಗಳೊಪ್ಪತ್ತಾದ ಮೇಲೆ ಒಂದು ಭಾನುವಾರ ಯೀಲಿನ್ ಅಂಬವ್ವನ ಎದುರು ಬಂದು ಕೂತಳು. ಅಮ್ಮನ ವೀಸಾ ಆಗಿದೆ, ಅಕ್ಟೋಬರಿನಲ್ಲಿ ಬಂದು ಮೂರು ತಿಂಗಳು ಇರುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಅತ್ತೆಯ ಮುಖ ನೋಡಿದಳು.

ಅಂಬವ್ವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಮತ್ತೆ ಉರಿಯಿತು. ಅದು ಎಲ್ಲಿಗೂ ಹೋಗಿರಲಿಲ್ಲ.

"ಎಲ್ಲಿ ಮಲಗ್ತಾಳ?" ಎಂದು ಕೇಳಿದಳು.

ಹಾಲಿನ ಸೋಫಾ ಇದೆಯಲ್ಲ ಎಂದಳು ಯೀಲಿನ್, ಮೆಲ್ಲಗೆ. ನೀಲಾಳ ಕೋಣೆಯಲ್ಲಿ ಇನ್ನೊಂದು ಹಾಸಿಗೆಯಿತ್ತು. ಹುಡುಗಿ ಹುಟ್ಟಿದಾಗಿನಿಂದ ಅದರ ಮೇಲೆ ಮಲಗುತ್ತಿದ್ದದ್ದು ಅಂಬವ್ವ. ಆ ಮಾತನ್ನು ಯೀಲಿನ್ ಎತ್ತಲಿಲ್ಲ.

ಅಂಬವ್ವ ಕಿಟಕಿಯಾಚೆ ನೋಡಿದಳು. ಹಿತ್ತಲಲ್ಲಿ ನೀಲಾ ಸಂಗನಬಸಪ್ಪನಿಗೆ ಚೌಕದ ಕುಣಿತ ಕಲಿಸುತ್ತಿದ್ದಳು. ಅವನ ಕೈಯೊಂದು ಕಡೆ, ಕಾಲೊಂದು ಕಡೆ.

"ಸೋಫಾ ಬ್ಯಾಡ. ಬೆನ್ನ ಹಿಡೀತೈತಿ," ಎಂದಳು. ಆಮೇಲೆ ಬಹಳ ಯೋಚಿಸಿ, ಪ್ರತಿ ಪದವನ್ನೂ ತೂಗಿ ಹೇಳಿದಳು: "ಒಂದು ವಾರ ಅಕಿ ನೀಲಾನ ಖೋಲ್ಯಾಗ, ಒಂದು ವಾರ ನಾ. ಮೊದಲನೇ ವಾರ ಅಕಿದು, ದೂರದಿಂದ ಬರ್ತಾಳ. ಜಡಿ ಹಾಕೂದು ಮಾತ್ರ ದಿನಾ ನಂದ. ಹೇಳಿಬಿಡು ನಿಮ್ಮವ್ವಗ."

ಯೀಲಿನ್ ಫೋನು ಕೈಗೆತ್ತಿಕೊಂಡಳು. ಆ ಕಡೆಯ ಉತ್ತರ ಕೇಳಿ ನಕ್ಕು, ಫೋನಿನ ಮೇಲೆ ಅಂಗೈ ಮುಚ್ಚಿ ಹೇಳಿದಳು.

"ಅತ್ತಿ, ಆಗಲಿ ಅಂತಾಳೆ. ಭಾನುವಾರದ ಜಡೆ ಮಾತ್ರ ಅವಳಿಗೆ ಬೇಕಂತೆ."

"ನೋಡೋಣಂತ," ಎಂದಳು ಅಂಬವ್ವ, ಮತ್ತು ರೊಟ್ಟಿಯ ಹಿಟ್ಟು ನಾದಲು ಒಳಗೆ ಹೋದಳು.